ಮುಯ್ಯಾಳಿನ ಲೆಕ್ಕ

ಕೆಲವು ತಿಂಗಳ ಹಿಂದೆ ನಮ್ಮ ಕಡೆಯ ಹೈಸ್ಕೂಲು ಶಿಕ್ಷಕರಿಗೆ ಒಂದು ತರಬೇತಿ ಇತ್ತು. ಪಾಠ ಹೇಳಿಕೊಡಲು ಬಂದಿದ್ದ ಹುಡುಗ ನನ್ನ ಮಗನ ವಯಸ್ಸಿನವನು. ಬೋರ್ಡಿನ ಮೇಲೆ ದೊಡ್ಡದೊಂದು ವೃತ್ತ ಬರೆದು, "ಇದು ನಿಮ್ಮ ಇಪ್ಪತ್ನಾಲ್ಕು ಗಂಟೆ. ನೌಕರಿಗೆ ಎಷ್ಟು, ಮನೆಯವರಿಗೆ ಎಷ್ಟು, ನಿಮಗೇ ಅಂತ ಎಷ್ಟು, ಭಾಗ ಮಾಡಿ ತೋರಿಸಿ" ಎಂದ. ನಮ್ಮ ಗಣಿತದ ಮೇಡಂ ಎದ್ದು ನಿಂತು, "ನಿದ್ದೆ ಯಾವ ಭಾಗಕ್ಕೆ ಸೇರುತ್ತೆ ಸಾರ್?" ಎಂದು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಗೆರೆ ಎಳೆದು ನೋಡಿದಾಗ ನನ್ನ ಮೂರನೆಯ ಭಾಗ ನೆಂಟರೆಲ್ಲ ಉಂಡೆದ್ದ ಮೇಲೆ ತಪ್ಪಲೆಯ ತಳದಲ್ಲಿ ಉಳಿಯುವ ಪಾಯಸದಷ್ಟಿತ್ತು. ಪಕ್ಕದಲ್ಲಿ ಕೂತಿದ್ದ ಗೆಳತಿ ಆ ಭಾಗವನ್ನು ಬರೆದೇ ಇರಲಿಲ್ಲ. "ಎಂತ ಮಾರಾಯ್ತಿ, ಇಲ್ಲದ್ದನ್ನ ಬರೀಲಿಕ್ಕೆ ನಾನೇನು ಕತೆ ಬರೆಯೋಳಾ?" ಎಂದಳು.

ಹುಡುಗ ಕೊನೆಯಲ್ಲಿ 'ಸಮತೋಲನ' ಎಂದು ಬರೆದು ಅಡಿಗೆರೆ ಎಳೆದ. ಸಂಜೆ ಮೂಡಿಗೆರೆ ಬಸ್ಸಿನಲ್ಲಿ ನಿಂತುಕೊಂಡು ಬರುವಾಗ ಆ ಶಬ್ದವೇ ತಲೆಯಲ್ಲಿ ಸುತ್ತುತ್ತಿತ್ತು. ಸಂತೆಯ ತಕ್ಕಡಿಗೆ ಎರಡು ತಟ್ಟೆ. ನಮ್ಮದಕ್ಕೆ ಮೂರು. ಅದನ್ನು ಎತ್ತಿ ಹಿಡಿದುಕೊಂಡಿರುವ ಕೈಯೂ ನಮ್ಮದೇ. ಕೈ ನೋಯುತ್ತದೆ ಎಂಬುದನ್ನು ಆ ವೃತ್ತದಲ್ಲಿ ಎಲ್ಲಿ ತುಂಬಿಸುವುದು?

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೆಯೇ ಒಂದು ಪ್ರಶ್ನೆ. 'ನಿಮಗೇ ಅಂತ' ಇಟ್ಟುಕೊಳ್ಳುವ ಆ ಒಂದು ಗಂಟೆ ಇದೆಯಲ್ಲ, ಅದು ನಿಜವಾಗಿ ಯಾರದ್ದು?

ಉದಾಹರಣೆಗೆಂದು ಆ ಹುಡುಗ ಹೇಳಿದ್ದು ನಮ್ಮ ಊರಿನ ಹೆಸರನ್ನೇ. "ನಿಮ್ಮ ಮೂಡಿಗೆರೆಯಲ್ಲೇ ತೇಜಸ್ವಿಯವರು ಇದ್ದರಲ್ಲ. ತೋಟವನ್ನೂ ಮಾಡಿದರು, ಕಾದಂಬರಿಯನ್ನೂ ಬರೆದರು, ಹಕ್ಕಿಗಳ ಫೋಟೋ ತೆಗೆದರು, ಗಾಳ ಹಾಕಿ ಮೀನೂ ಹಿಡಿದರು. ಮನಸ್ಸಿದ್ದರೆ ಮಾರ್ಗ" ಎಂದ. ಮಾತು ಸುಳ್ಳಲ್ಲ. 1980ರಲ್ಲಿ ಕರ್ವಾಲೋ ಬರೆದ, 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದ ಮನುಷ್ಯ ಸ್ಕೂಟರಿನಲ್ಲಿ ನಮ್ಮ ಪೇಟೆಗೆ ಬಂದು ಸಾಮಾನು ಕೊಂಡು ಹೋಗುತ್ತಿದ್ದರೆಂದರೆ ನಮಗೆಲ್ಲ ಹೆಮ್ಮೆಯೇ. 2007ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ನಮ್ಮ ಮನೆಯದೇ ಯಾರೋ ಹೋದಂತಾಗಿತ್ತು. ಈಗ ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಆದರೆ ಅವರು ಹೋದ ಮೇಲೆ ಅವರ ಶ್ರೀಮತಿ ರಾಜೇಶ್ವರಿಯವರು 'ನನ್ನ ತೇಜಸ್ವಿ' ಎಂಬ ಪುಸ್ತಕ ಬರೆದರು. ಮೈಸೂರಿನಲ್ಲಿ ತತ್ವಶಾಸ್ತ್ರ ಓದಿದ್ದ ಹೆಣ್ಣುಮಗಳು ಮದುವೆಯಾಗಿ ಬಂದದ್ದು ಕಾಫಿ ತೋಟದ ಮಧ್ಯದ ಮನೆಗೆ. ಅವರ ಲೇಖನಿ ಪುಸ್ತಕವಾಗಿ ನಮ್ಮ ಕೈಗೆ ಸಿಕ್ಕಿದ್ದು ಬದುಕಿನ ಸಂಜೆಯಲ್ಲಿ. 2021ರ ಡಿಸೆಂಬರ್‌ನಲ್ಲಿ ಅವರೂ ಹೋದರು. ನಾನು ಯಾರ ಸಂಸಾರದ ಮೇಲೂ ತೀರ್ಪು ಕೊಡುವವಳಲ್ಲ. ಅವರಿಬ್ಬರದೂ ಒಲಿದು ಕೂಡಿದ ಬಾಳು ಎಂಬುದು ಆ ಪುಸ್ತಕ ಓದಿದ ಯಾರಿಗೂ ತಿಳಿಯುತ್ತದೆ. ಆದರೂ ಅದನ್ನು ಮುಚ್ಚಿಟ್ಟ ರಾತ್ರಿ ನನಗೆ ಅನ್ನಿಸಿದ್ದಿಷ್ಟು: ಒಬ್ಬರು ಹಕ್ಕಿಗಾಗಿ ಅಲುಗಾಡದೆ ಕಾದು ಕೂರಬೇಕಾದರೆ ಇನ್ನೊಬ್ಬರು ಒಲೆಯ ಮೇಲಿನ ಹಾಲನ್ನು ಕಾದು ನಿಲ್ಲಬೇಕು. ಆ ಎರಡನೆಯ ಕಾಯುವಿಕೆಯನ್ನು ಯಾವ ಖಾತೆಗೆ ಬರೆಯುವುದು? ಅವರ ಮನೆಯ ಹೆಸರೇ 'ನಿರುತ್ತರ'. ನಾನೂ ಹೆಚ್ಚು ಕೇಳಲು ಹೋಗುವುದಿಲ್ಲ.

ಇನ್ನು ನನ್ನ ವಿಷಯ. ನನಗಿರುವುದು ಒಂದೇ ಹುಚ್ಚು. ಕಾಡುಗಿಡ, ಜರಿಗಿಡ, ಮರದ ಮೇಲಿನ ಸೀತಾಳೆ ಹೂವು, ಇವುಗಳ ಚಿತ್ರ ಬರೆಯುವುದು. ಯಾರೂ ಕಲಿಸಿದ್ದಲ್ಲ. ಮದುವೆಯಾಗಿ ಈ ಕಡೆ ಬಂದ ಹೊಸದರಲ್ಲಿ ಜುಲೈ ತಿಂಗಳಲ್ಲಿ ವಾರಗಟ್ಟಲೆ ಕರೆಂಟಿಲ್ಲದೆ ಮಳೆ ಹುಯ್ಯುವಾಗ, ಮೇಣದ ಬತ್ತಿಯ ಬೆಳಕಿನಲ್ಲಿ, ಹಳೆಯ ಉತ್ತರ ಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಶುರುವಾದದ್ದು. ಅತ್ತೆಯವರು, "ಅನ್ನ ಮಾಡೋ ಕೈಗೆ ಪೆನ್ಸಿಲ್ ಎಂತಕ್ಕೆ?" ಎಂದಿದ್ದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ.

ಇಂಗ್ಲೆಂಡಿನ ಲೇಖಕಿ ವರ್ಜೀನಿಯಾ ವೂಲ್ಫ್ 1929ರಷ್ಟು ಹಿಂದೆಯೇ ಹೆಣ್ಣು ಬರೆಯಬೇಕಾದರೆ ವರ್ಷಕ್ಕೆ ಐನೂರು ಪೌಂಡು ಮತ್ತು ತನ್ನದೇ ಒಂದು ಕೋಣೆ ಬೇಕು ಎಂದಳು. ನಮ್ಮ ಮಲೆನಾಡಿನ ಮನೆಗಳಲ್ಲಿ ಕೋಣೆಗೆ ಬರವಿಲ್ಲ. ಮೆಣಸಿನ ಮೂಟೆಗೊಂದು ಕೋಣೆ, ಅಡಿಕೆಗೊಂದು, ಸೌದೆಗೊಂದು. ಸಂಬಳವೂ ನನಗೆ ತಿಂಗಳಿಗೆ ಸರಿಯಾಗಿ ಬರುತ್ತದೆ. ಬರವಿರುವುದು ಯಾರೂ ಕರೆಯದ ಒಂದು ಗಂಟೆಗೆ. ನಮ್ಮವರು ಸಂಜೆ ತೋಟದಿಂದ ಬಂದು ಕೈಕಾಲು ತೊಳೆದು ಒಂದು ಗಂಟೆ ಪೇಪರ್ ಓದುತ್ತಾರೆ. ಆ ಗಂಟೆಗೆ ಯಾರೂ ಹೆಸರಿಟ್ಟಿಲ್ಲ. ನನ್ನದಕ್ಕೆ ಮಾತ್ರ ಹವ್ಯಾಸ ಎಂಬ ಹೆಸರು ಬಂತು. ಹೆಸರು ಬಂದ ಕೂಡಲೇ ಅದಕ್ಕೆ ಲೆಕ್ಕ ಕೊಡಬೇಕಾಗಿಯೂ ಬಂತು.

ನೌಕರಿಯೇನು ಸಣ್ಣದಲ್ಲ. ಪಾಠ ಮಾಡುವುದಷ್ಟೇ ಮೇಷ್ಟರ ಕೆಲಸ ಎಂದು ಊರವರು ತಿಳಿದಿದ್ದಾರೆ. 2011ರಲ್ಲಿ ಜನಗಣತಿಗೆ, 2015ರಲ್ಲಿ ಬೇಸಿಗೆ ರಜೆಯನ್ನೇ ಕೊಟ್ಟು ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರು ನಾವೇ. ಚುನಾವಣೆ ಬಂದರೆ ಪೆಟ್ಟಿಗೆ ಹೊತ್ತು ಹೊರಡುವವರೂ ನಾವೇ. ಎಸ್ಸೆಸ್ಸೆಲ್ಸಿ ಫಲಿತಾಂಶ ಕಡಿಮೆಯಾದರೆ ವಿವರಣೆ ಬರೆದುಕೊಡಬೇಕು. ಮಳೆ ರಜೆಯೂ ಪುಕ್ಕಟೆಯಲ್ಲ. ಜುಲೈಯಲ್ಲಿ ಕೊಟ್ಟ ರಜೆಯನ್ನು ಮುಂದೆ ಶನಿವಾರಗಳಲ್ಲಿ ಪೂರ್ತಿ ದಿನ ಶಾಲೆ ನಡೆಸಿ ತೀರಿಸಬೇಕು. ಈಗಂತೂ ರಾತ್ರಿ ಒಂಬತ್ತಕ್ಕೂ ಮೊಬೈಲಿನಲ್ಲಿ ಅಂಕಿ ಅಂಶ ಕೇಳುತ್ತಾರೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಈ ನೌಕರಿಯಿಂದ ನನ್ನ ಮನೆ ನಡೆದಿದೆ, ನನಗೊಂದು ಮರ್ಯಾದೆ ಸಿಕ್ಕಿದೆ. ನಲವತ್ತು ಮಕ್ಕಳ ಕಣ್ಣೆದುರು ನಿಂತು ಕನ್ನಡ ಪದ್ಯ ಓದುವ ಸುಖ ಇನ್ನಾವ ನೌಕರಿಯಲ್ಲಿ ಸಿಕ್ಕೀತು?

ಈಗ ಹೇಳಲು ಕಷ್ಟವಾದ ಮಾತಿಗೆ ಬರುತ್ತೇನೆ.

ಅದು 2006ರ ಜೂನ್. ಮಳೆ ಹಿಡಿದಿತ್ತು. ಹಿತ್ತಲ ಹಲಸಿನ ಮರದ ಕೊಂಬೆಯಲ್ಲಿ ಸೀತಾಳೆ ದಂಡೆ ಇಳಿಬಿದ್ದಿತ್ತು. ಆ ಹೂವನ್ನು ನೋಡಿದವರಿಗೆ ಗೊತ್ತು, ಬಿಳಿ ಮೈಗೆ ನೇರಳೆ ಚುಕ್ಕಿ, ಒಂದು ದಂಡೆಯಲ್ಲಿ ಎಣಿಸಲಾರದಷ್ಟು ಹೂ. ಎರಡು ವಾರ ಬಾಳಿದರೆ ಹೆಚ್ಚು. ಅಷ್ಟರಲ್ಲಿ ಅದನ್ನು ಬರೆದು ಮುಗಿಸಬೇಕೆಂದು ದಿನಾ ಸಂಜೆ ಜಗಲಿಯಲ್ಲಿ ಕೂರುತ್ತಿದ್ದೆ. ಮಗನಿಗೆ ಹತ್ತು ವರ್ಷ. ಪಕ್ಕದಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತ ಶಾಲೆಯ ಸುದ್ದಿ ಹೇಳುತ್ತಿದ್ದ. ನಾನು "ಹೂಂ" ಎನ್ನುತ್ತಿದ್ದೆ.

ಹದಿನೈದು ದಿನಗಳ ಮೇಲೆ ಅವನ ಜೊತೆಗೆ ಹೋಗುವ ಪಕ್ಕದ ಮನೆಯ ಹುಡುಗಿ ಹೇಳಿದಳು. ದೊಡ್ಡ ತರಗತಿಯ ಹುಡುಗನೊಬ್ಬ ದಿನಾ ಇವನ ಊಟದ ಡಬ್ಬಿ ಕಿತ್ತುಕೊಂಡು ತಿನ್ನುತ್ತಿದ್ದಾನೆ, ಇವನು ನೀರು ಕುಡಿದು ಕೂರುತ್ತಾನೆ ಎಂದು. ಡಬ್ಬಿ ದಿನಾ ಖಾಲಿಯಾಗಿ ಬರುತ್ತಿತ್ತು. ಚೆನ್ನಾಗಿ ಉಣ್ಣುತ್ತಿದ್ದಾನೆ ಎಂದು ನಾನು ಸಂತೋಷಪಟ್ಟು ಎರಡು ದಿನ ಕಡುಬು ಹೆಚ್ಚಿಗೆ ಹಾಕಿದ್ದೆ. ಅವನನ್ನು ಎದುರಿಗೆ ನಿಲ್ಲಿಸಿಕೊಂಡು, "ಯಾಕೋ ನನಗೆ ಹೇಳಲಿಲ್ಲ?" ಎಂದು ಗದರಿದೆ. ಮಗು ಆಶ್ಚರ್ಯದಿಂದ ನನ್ನ ಮುಖ ನೋಡಿ, "ಹೇಳಿದ್ನಲ್ಲಮ್ಮ. ನೀನು ಹೂಂ ಅಂದೆ" ಎಂದ.

ದೂರಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಡೆದದ್ದನ್ನು ನಡೆದ ಹಾಗೆ ಹೇಳಿದ. ಊರ ಮಕ್ಕಳ ಮುಖ ನೋಡಿಯೇ ಯಾರು ಉಂಡಿದ್ದಾರೆ ಯಾರು ಉಂಡಿಲ್ಲ ಎಂದು ಹೇಳಬಲ್ಲೆ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದವಳು ನಾನು.

ಆ ರಾತ್ರಿಯೇ ಪೆನ್ಸಿಲ್ಲು, ಕಾಗದ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಸೀತಾಳೆಯ ದಂಡೆ ಅರ್ಧಕ್ಕೇ ನಿಂತಿತು. ಆರು ವರ್ಷ ಒಂದು ಗೆರೆ ಎಳೆಯಲಿಲ್ಲ.

ಓದುವವರು ಇದನ್ನು ತ್ಯಾಗ ಎನ್ನಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಈಗ ಆ ಆರು ವರ್ಷಗಳ ಲೆಕ್ಕ ನೋಡಿದರೆ ನಗು ಬರುತ್ತದೆ, ಅಳುವೂ ಬರುತ್ತದೆ. ಆ ಗಂಟೆ ಮಗನಿಗೆ ಸಿಕ್ಕಿತೇ? ಇಲ್ಲ. ಒಂದಷ್ಟು ಟೀವಿ ಧಾರಾವಾಹಿಗೆ ಹೋಯಿತು, ಒಂದಷ್ಟು ಉತ್ತರ ಪತ್ರಿಕೆಗೆ ಹೋಯಿತು, ಉಳಿದದ್ದು ಸುಮ್ಮನೆ ಕೂತು ಚಿಂತೆ ಮಾಡುವುದಕ್ಕೆ. ಸಿಡುಕು ಹೆಚ್ಚಾಯಿತು. ರೊಟ್ಟಿ ತಟ್ಟುವಾಗ ಯಾರಾದರೂ ಮಾತಾಡಿಸಿದರೆ ಅದಕ್ಕೂ "ಹೂಂ" ಎನ್ನುತ್ತಿದ್ದೆ. ಅಂದರೆ ಅಂದಿನ ತಪ್ಪು ಪೆನ್ಸಿಲ್ಲಿನದಲ್ಲ. ಕೈ ಒಂದು ಕಡೆ, ಕಿವಿ ಒಂದು ಕಡೆ, ಮನಸ್ಸು ಮೂರನೆಯ ಕಡೆ ಇಟ್ಟುಕೊಂಡು ಎಲ್ಲ ಕಡೆಯೂ ಇದ್ದೇನೆ ಎಂದು ನಂಬಿಕೊಂಡಿದ್ದು ತಪ್ಪು. ಗಂಟೆಯನ್ನು ಹೋಳು ಮಾಡಿ ಹಂಚಬಹುದು, ಗಮನವನ್ನು ಹಾಗೆ ಹಂಚಲಾಗುವುದಿಲ್ಲ. ಆ ಸಂಜೆಗಳಲ್ಲಿ ಅರ್ಧ ಗಂಟೆ ಕಾಗದ ಮಡಚಿಟ್ಟು ಮಗನ ಮಾತು ಕೇಳಿ, ಆಮೇಲೆ ಅರ್ಧ ಗಂಟೆ, "ಈಗ ಅಮ್ಮನನ್ನ ಕರೀಬೇಡ" ಎಂದು ಹೇಳಿ ಕೂತಿದ್ದರೆ ಮಗುವೂ ಉಪವಾಸ ಬೀಳುತ್ತಿರಲಿಲ್ಲ, ಹೂವೂ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ಹಾಗೆ ಹೇಳಲು ನನಗೆ ಧೈರ್ಯವಿರಲಿಲ್ಲ. ಕೇಳಿ ಪಡೆಯಲು ನಾಚಿ ಕದ್ದು ಕೂರುತ್ತಿದ್ದೆ. ಕದ್ದವರಿಗೆ ಕದ್ದದ್ದನ್ನು ನೆಮ್ಮದಿಯಾಗಿ ಉಣ್ಣಲೂ ಆಗುವುದಿಲ್ಲ.

ಮತ್ತೆ ಪೆನ್ಸಿಲ್ ಹಿಡಿಸಿದವಳು ನಮ್ಮ ಮನೆಗೆ ಸಂಜೆ ಪಾತ್ರೆ ಬಟ್ಟೆಗೆ ಬರುತ್ತಿದ್ದ ಹೆಂಗಸು. ಬಿಜಾಪುರದ ಕಡೆಯವಳು. ಕಾಫಿ ಕೊಯ್ಲಿಗೆಂದು ಗಂಡನ ಜೊತೆ ಬಂದು ಪಕ್ಕದ ಎಸ್ಟೇಟಿನ ಲೈನಿನಲ್ಲೇ ನೆಲೆಸಿದ್ದಳು. ಹಗಲೆಲ್ಲ ತೋಟದ ಕೆಲಸ, ಸಂಜೆ ನಮ್ಮ ಮನೆ. ಒಂದು ದಿನ ನನ್ನ ಹಳೆಯ ಸೀರೆಗಳನ್ನು ಕೇಳಿ ಒಯ್ದಳು. ಎರಡು ತಿಂಗಳ ಮೇಲೆ ಯಾವುದೋ ಕೆಲಸಕ್ಕೆ ಲೈನಿಗೆ ಹೋದಾಗ ನೋಡುತ್ತೇನೆ, ಮಂಕು ಬಲ್ಬಿನ ಕೆಳಗೆ ಕೌದಿ ಹೊಲಿಯುತ್ತ ಕೂತಿದ್ದಾಳೆ. ನನ್ನ ಸೀರೆಗಳೆಲ್ಲ ಚೌಕ ಚೌಕವಾಗಿ, ತ್ರಿಕೋನವಾಗಿ ಅದರಲ್ಲಿ ಸೇರಿಕೊಂಡಿದ್ದವು. ಚಳಿಗೆ ಹೊದೆಯುವುದಕ್ಕೆ ಹೇಗೆ ಹೊಲಿದರೂ ಆಗುತ್ತದೆ. ಇವಳು ಮೂಲೆಗೊಂದರಂತೆ ಬಣ್ಣ ನೋಡಿ ಕೂಡಿಸಿದ್ದಳು, ಅಂಚಿಗೆ ಸಣ್ಣ ಹಲ್ಲು ಹಲ್ಲಾಗಿ ಕೆಂಪು ಬಟ್ಟೆ ಕೊಟ್ಟಿದ್ದಳು. ಯಾರೂ ಕೇಳಿರಲಿಲ್ಲ.

"ಇದಕ್ಕೆಲ್ಲ ನಿನಗೆ ಎಲ್ಲಿ ಟೈಮ್ ಸಿಗುತ್ತೆ?" ಎಂದೆ.

"ಟೈಮ್ ಎಲ್ಲಿಂದ ಬರ್ತೈತ್ರಿ ಅಕ್ಕಾರ. ಕುಂತರ ಬರ್ತೈತಿ" ಎಂದು ದಾರ ಹಲ್ಲಿನಲ್ಲಿ ಕಚ್ಚಿ ಹರಿದಳು.

ಆ ಕೌದಿ ದುಡಿಮೆಯೋ, ಮಕ್ಕಳ ಮೇಲಿನ ಅಕ್ಕರೆಯೋ, ಹವ್ಯಾಸವೋ? ತರಬೇತಿಯ ವೃತ್ತದಲ್ಲಿ ಅದಕ್ಕೆ ಜಾಗವಿಲ್ಲ. ಹನ್ನೆರಡನೆಯ ಶತಮಾನದ ನಮ್ಮ ವಚನಕಾರ್ತಿಯರಿಗೂ ಈ ಮೂರು ಭಾಗ ತಿಳಿದಂತಿಲ್ಲ. ಕದಿರ ರೆಮ್ಮವ್ವೆ ನೂಲುವವಳು, ಅವಳ ವಚನದೊಳಕ್ಕೆ ರಾಟೆ ಕದಿರುಗಳೇ ಬಂದು ಕೂತವು. ನೂಲುವುದನ್ನು ಬಿಟ್ಟು ಬರೆಯಲು ಹೋಗಲಿಲ್ಲ ಅವಳು.

ಇಷ್ಟಕ್ಕೇ ಮುಗಿಸಿದರೆ ಸುಂದರವಾದ ಪಾಠವಾಗುತ್ತಿತ್ತು. ಆದರೆ ಅಂದು ಲೈನಿನಿಂದ ಹಿಂತಿರುಗುವಾಗ ಇನ್ನೊಂದು ಕಂಡಿತ್ತು. ಅವಳ ಪುಟ್ಟ ಮಗಳು ಬಾಗಿಲ ಹತ್ತಿರ ಮೊಣಕಾಲಿನ ಮೇಲೆ ಗಲ್ಲವಿಟ್ಟು ತಾಯಿಯ ಕೈಯನ್ನೇ ನೋಡುತ್ತಿದ್ದಳು. ದಿನಾ ಸಂಜೆ ಐದರಿಂದ ಆರೂವರೆಯ ತನಕ ಈ ಮಗು ಇಲ್ಲಿ ಒಂಟಿಯಾಗಿರುತ್ತದೆ, ಯಾಕೆಂದರೆ ಆಗ ತಾಯಿ ನನ್ನ ಮನೆಯಲ್ಲಿರುತ್ತಾಳೆ. ನಾನು ಮಗನಿಂದ ಗಂಟೆ ಕದ್ದೆನೆಂದು ಆರು ವರ್ಷ ಕೊರಗಿದ್ದೆ. ಆ ಗಂಟೆಯ ಮೊದಲ ವಾರಸುದಾರಳು ಈ ಮಗು ಎಂಬುದು ಒಂದು ದಿನವೂ ಹೊಳೆದಿರಲಿಲ್ಲ. ನನ್ನ ಬಿಡುವು ಎಂಬುದು ಇನ್ನೊಬ್ಬ ತಾಯಿಯ ಬಿಡುವಿಲ್ಲದಿರುವಿಕೆಯ ಮೇಲೆ ಕೂತಿತ್ತು. ಸಂಬಳ ಕೊಡುತ್ತಿದ್ದೆನಲ್ಲ ಎಂದು ಮನಸ್ಸು ವಾದಿಸಿತು. ಎಷ್ಟು ಕೊಡುತ್ತಿದ್ದೆ ಎಂದು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ವರ್ಷ ವರ್ಷವೂ ಮಕ್ಕಳಿಗೆ ಹೇಳಿದ್ದೇನೆ. ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಅವಳು ಬೇಕಾದಷ್ಟನ್ನೇ ಉಳಿಸಿಕೊಂಡು ಮಿಕ್ಕಿದ್ದನ್ನು ಹೋಗಿ ಅಲ್ಲೇ ಸುರಿದು ಬಾ ಎನ್ನುತ್ತಾಳೆ. ಅಕ್ಕಿಯ ವಿಷಯದಲ್ಲಿ ಈ ಪಾಠ ನನಗೆ ತಿಳಿದಿತ್ತು. ಬೇರೆಯವರ ಹೊತ್ತಿನ ವಿಷಯದಲ್ಲಿ ತಿಳಿದಿರಲಿಲ್ಲ.

ಅದನ್ನು ತಿಳಿಸಿದವರು ನಮ್ಮ ಅತ್ತೆ. ಅವರ ಕಾಲದಲ್ಲಿ ನಮ್ಮ ಕಡೆ ನಾಟಿಗೆ ಮುಯ್ಯಾಳು ಪದ್ಧತಿ. ಇವತ್ತು ಹತ್ತು ಹೆಂಗಸರು ನಮ್ಮ ಗದ್ದೆಯಲ್ಲಿ ನೆಟ್ಟರೆ ನಾಳೆ ನಾವು ಅವರ ಗದ್ದೆಯಲ್ಲಿ ನೆಡಬೇಕು. ದುಡ್ಡಿಲ್ಲ, ಚೀಟಿಯಿಲ್ಲ. ಲೆಕ್ಕ ಮಾತ್ರ ಎಲ್ಲರ ತಲೆಯಲ್ಲೂ ಇರುತ್ತಿತ್ತು. ಈಗ ಗದ್ದೆಗಳೇ ಕಡಿಮೆಯಾಗಿ ಎಷ್ಟೋ ಕಡೆ ಕಾಫಿ, ಅಡಿಕೆ ಎದ್ದಿವೆ. ನಾನು ನನ್ನ ಸಂಕಟ ಹೇಳಿಕೊಂಡಾಗ ಅತ್ತೆ ಎಲೆಯಡಿಕೆ ಕುಟ್ಟುತ್ತ, "ಆಳು ಕರೆಯೋದು ತಪ್ಪಲ್ಲ. ಕರೆದ ಮೇಲೆ ಮುಯ್ಯಿ ಉಳಿಸ್ಕಬಾರ್ದು ಅಷ್ಟೆ" ಎಂದರು.

ಆಮೇಲೆ ನಾನು ಮಾಡಿದ್ದು ದೊಡ್ಡದೇನಲ್ಲ. ಕೂಲಿ ಹೆಚ್ಚಿಸಿದೆ. ಮಗಳನ್ನೂ ಕರೆದುಕೊಂಡು ಬಾ ಎಂದೆ. ಪಾತ್ರೆಯಲ್ಲಿ ಅರ್ಧ ಮನೆಯವರೇ ತೊಳೆಯುವುದೆಂದಾಯಿತು. ನಮ್ಮವರಿಗೆ ಮೊದಮೊದಲು ಅದು ಅಷ್ಟು ರುಚಿಸಲಿಲ್ಲ, ಆಮೇಲೆ ಪೇಪರಿನ ಗಂಟೆಯಲ್ಲಿ ಸ್ವಲ್ಪ ಕಡಿತವಾಯಿತು. ತಾಯಿ ಕೆಲಸ ಮುಗಿಸುವ ತನಕ ಆ ಮಗುವಿಗೆ ನಾನು ಅಕ್ಷರ ತಿದ್ದಿಸುತ್ತಿದ್ದೆ. ಒಂದು ಸಂಜೆ ಅವಳು ಬಿಳಿ ಬಟ್ಟೆಯ ತುಂಡು ತಂದು, "ಒಂದು ಗಿಣಿ ಬರೆದು ಕೊಡ್ರಿ ಅಕ್ಕಾರ, ಕೌದಿಗೆ ಹಾಕ್ತೀನಿ" ಎಂದಳು. ಅಟ್ಟ ಹತ್ತಿ ಪೆನ್ಸಿಲ್ ಇಳಿಸಿದೆ. ಅದು 2012. ಆರು ವರ್ಷದ ಮೇಲೆ ನಾನು ಎಳೆದ ಮೊದಲ ಗೆರೆ ಆ ಗಿಣಿಯ ಕೊಕ್ಕು. ಮೂರು ವರ್ಷದ ನಂತರ ಅವರು ಕೊಯ್ಲು ಮುಗಿಸಿ ಊರಿಗೆ ಹೋದವರು ತಿರುಗಿ ಬರಲಿಲ್ಲ. ಹೋಗುವಾಗ ನನಗೆಂದು ಹೊಲಿದ ಕೌದಿಯೊಂದನ್ನು ಕೊಟ್ಟು ಹೋದಳು. ನನ್ನ ಮುಯ್ಯಿ ತೀರಿತೆಂದು ನಾನು ಹೇಳಲಾರೆ.

ಮಗ ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ತರಬೇತಿಯಿಂದ ಬಂದ ರಾತ್ರಿ ಅವನಿಗೆ ಫೋನು ಮಾಡಿ, ಎಷ್ಟೋ ವರ್ಷಗಳಿಂದ ಕೇಳಬೇಕೆಂದಿದ್ದುದನ್ನು ಕೇಳಿಬಿಟ್ಟೆ. ಆ ಡಬ್ಬಿಯ ವಿಷಯ ನೆನಪಿದೆಯೇನೋ ಎಂದು.

"ನೆನಪಿಲ್ದೇ ಏನಮ್ಮ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ: "ಆದ್ರೆ ಹಸಿವಿಗಿಂತ ಜಾಸ್ತಿ ನೆನಪಿರೋದು ಬೇರೆ. ನೀನು ಚಿತ್ರ ಬಿಟ್ಟೆಯಲ್ಲ, ಅದು ನನ್ನಿಂದಲೇ ಅಂತ ಅಂದ್ಕೊಂಡಿದ್ದೆ. ಹೇಳ್ದೇ ಇದ್ದಿದ್ರೆ ಅಮ್ಮ ಚಿತ್ರ ಬರೀತಿದ್ಲು ಅಂತ."

ಫೋನು ಕಿವಿಯ ಹತ್ತಿರ ಹಿಡಿದುಕೊಂಡೇ ಕೂತೆ. ಮಗನಿಗಾಗಿ ಬಿಟ್ಟೆ ಎಂದುಕೊಂಡಿದ್ದೆನಲ್ಲ, ಆ ಬಿಟ್ಟದ್ದನ್ನು ಅವನು ಹೊತ್ತುಕೊಂಡಿದ್ದ. ಹತ್ತು ವರ್ಷದ ಮಗುವಿನ ಹೆಗಲಿಗೆ ಅದು ಎಷ್ಟು ಭಾರವಿದ್ದಿರಬೇಕು! ಕೇಳದವರ ಮೇಲೆ ಹೊರಿಸಿದ ತ್ಯಾಗವೂ ಒಂದು ಸಾಲವೇ. ಅದನ್ನು ತೀರಿಸುವ ದಾರಿಯೂ ಅವರಿಗೆ ತಿಳಿಯದು. ನಮ್ಮ ತಾಯಂದಿರು "ನಿಮಗಾಗಿ ಎಲ್ಲ ಬಿಟ್ಟೆ" ಎಂದಾಗ ನಾವು ತಲೆ ತಗ್ಗಿಸುತ್ತಿದ್ದೆವಲ್ಲ, ಅದು ಪ್ರೀತಿಗೋ ಸಾಲಕ್ಕೋ ಎಂದು ಈಗ ಅನುಮಾನವಾಗುತ್ತದೆ.

ನಿವೃತ್ತಿಗೆ ಇನ್ನು ನಾಲ್ಕು ವರ್ಷವಿದೆ. ಆಮೇಲೆ ಬೇಕಾದಷ್ಟು ಬರೆಯಬಹುದಲ್ಲ ಎನ್ನುತ್ತಾರೆ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರು ಸಂಸಾರ ನಡೆಸಿಕೊಂಡೇ ನಲವತ್ತೈದರ ಆಸುಪಾಸಿನಲ್ಲಿ ಕಾದಂಬರಿಗೆ ಕೈ ಹಾಕಿದರು. 1963ರಲ್ಲಿ 'ತುಂಗಭದ್ರಾ' ಬಂತು, 1976ರಲ್ಲಿ 'ಫಣಿಯಮ್ಮ'. ತಡವಾಯಿತೆಂದು ಅವರು ಕೈಚೆಲ್ಲಲಿಲ್ಲ, ಎಲ್ಲ ಮುಗಿಯಲಿ ಎಂದು ಕಾಯಲೂ ಇಲ್ಲ. ಸೀತಾಳೆಯೂ ನನ್ನ ನಿವೃತ್ತಿಗೆ ಕಾಯುವುದಿಲ್ಲ. ಕಣ್ಣಿಗೆ ಪೊರೆ ಬರುವ ಸೂಚನೆಯಿದೆ ಎಂದು ಡಾಕ್ಟರು ಹೇಳಿದ್ದಾರೆ.

ಸಮತೋಲನ ಸಾಧಿಸಿದೆಯಾ ಎಂದು ಆ ಹುಡುಗ ಈಗ ಕೇಳಿದರೆ ಇಲ್ಲ ಎಂದೇ ಹೇಳುತ್ತೇನೆ. ಪರೀಕ್ಷೆಯ ತಿಂಗಳಲ್ಲಿ ಶಾಲೆಯ ತಟ್ಟೆ ನೆಲಕ್ಕೆ ತಾಗುತ್ತದೆ. ಅತ್ತೆ ಹಾಸಿಗೆ ಹಿಡಿದ ವರ್ಷ ಮನೆಯ ತಟ್ಟೆ ತಾಗಿತ್ತು. ಹೂ ಬಿಟ್ಟ ವಾರದಲ್ಲಿ ಮೂರನೆಯದು ತಾಗಲಿ ಎಂದು ಈಗ ಬಾಯಿಬಿಟ್ಟು ಕೇಳುತ್ತೇನೆ. ಮಾಡಿಕೊಂಡಿರುವ ನಿಯಮ ಒಂದೇ. ಚಿತ್ರ ಮುಗಿದ ಮೇಲೆ ಮೂಲೆಯಲ್ಲಿ ತಾರೀಖು ಬರೆಯುವಾಗ ಅದರ ಕೆಳಗೆ ಆ ಹೊತ್ತು ಯಾರಿಂದ ಬಂದದ್ದು ಎಂದೂ ಬರೆಯುತ್ತೇನೆ. 'ಇವರು ಅನ್ನಕ್ಕಿಟ್ಟರು.' 'ಗಣಿತದ ಮೇಡಂ ನನ್ನ ಪೀರಿಯಡ್ ತೆಗೆದುಕೊಂಡರು.' ಹೀಗೆ. ಮುಂದಿನ ವಾರದೊಳಗೆ ಆ ಮುಯ್ಯಿ ತೀರಿಸಬೇಕು. ತೀರಿದ ಮೇಲೆ ಪಕ್ಕದಲ್ಲೊಂದು ಸಣ್ಣ ಗುರುತು.

ಈ ಜೂನ್‌ನಲ್ಲಿ ಹಲಸಿನ ಮರದ ಸೀತಾಳೆ ಮತ್ತೆ ಹೂ ಬಿಟ್ಟಿತು. 2006ರ ಅರ್ಧ ಚಿತ್ರವನ್ನು ತೆಗೆದು, ಹಳದಿಯಾದ ಆ ಕಾಗದದ ಮೇಲೆಯೇ ಉಳಿದ ಅರ್ಧವನ್ನು ಬರೆದು ಮುಗಿಸಿದೆ. ಮೂಲೆಯಲ್ಲಿ ಮಗನ ಹೆಸರು ಬರೆದೆ. ಪಕ್ಕದಲ್ಲಿ ಇನ್ನೂ ಗುರುತು ಹಾಕಿಲ್ಲ.